ಆಸಿಲೋಸ್ಕೋಪ್ ಕೊಳ್ಳಲು ಬಂದವಳು

ಒಬ್ಬರು ಕರೆಯುತ್ತಿರುವುದು ಕಿವಿಗೆ ಬಿದ್ದಮೇಲೂ, ‘ಬೇರೆ ಯಾರಾದರೂ ಓಗೊಡಲಿ ಬಿಡು’ ಎಂದು ನೀವು ಎಷ್ಟು ಸಲ ಸುಮ್ಮನೆ ಕುಳಿತಿದ್ದೀರಿ?

ಲೆಕ್ಕವಿಟ್ಟಿಲ್ಲ, ಅಲ್ಲವೇ? ಕೇಳಿಸಿಕೊಂಡವರು ಅಂಥ ಲೆಕ್ಕ ಇಡುವುದಿಲ್ಲ. ಕರೆದವರು ಇಡುತ್ತಾರೆ.

ಅವಳು ಇಟ್ಟಿದ್ದಳು. ನೂರ ಹತ್ತೊಂಬತ್ತು ಮುಂಜಾವುಗಳು. ಒಂದಕ್ಕೂ ಉತ್ತರವಿಲ್ಲ!

ನೂರ ಹತ್ತೊಂಬತ್ತನೆಯ ದಿನ, ಶನಿವಾರ ಮಧ್ಯಾಹ್ನ, ಅಳತೆಯ ಉಪಕರಣಗಳನ್ನು ಮಾರುವ ಮತ್ತು ರಿಪೇರಿ ಮಾಡುವ ಒಂದು ಇಕ್ಕಟ್ಟಾದ ಅಂಗಡಿಗೆ ಅವಳು ಕಾಲಿಟ್ಟಳು.

"ಆಸಿಲೋಸ್ಕೋಪ್ ಬೇಕಿತ್ತು. ಇರೋದ್ರಲ್ಲಿ ಅಗ್ಗದ್ದು ಕೊಡಿ."

ಮೇಜಿನ ಹಿಂದೆ ಬೆಸುಗೆ ಹಾಕುತ್ತಿದ್ದವನು ತಲೆ ಎತ್ತಲಿಲ್ಲ. "ಏನು ನೋಡೋಕೆ?"

"ಅದೆಂಥ ಪ್ರಶ್ನೆ? ಪರದೆ ನೋಡೋಕೆ!"

ಅವನಿಗೆ ನಗು ಬಂತು. ತಲೆ ಎತ್ತಿದ. ನಲವತ್ತರ ಆಸುಪಾಸಿನ ಮುಖ, ಹಣೆಯ ಮೇಲೆ ಏರಿಸಿದ ಕನ್ನಡಕ, ಬಹಳ ದಿನದಿಂದ ಯಾರೊಡನೆಯೂ ಹರಟದವನ ದನಿ. "ಅಲ್ಲ... ಇದು ಕರೆಂಟಿನ ಅಲೆಯನ್ನ ಚಿತ್ರ ಬರೆದು ತೋರಿಸೋ ಯಂತ್ರ. ಯಾವ ಅಲೆ ಅಂತ ಗೊತ್ತಾದ್ರೆ ಯಾವ ಯಂತ್ರ ಅಂತ ಹೇಳಬಹುದು. ಅದಕ್ಕೆ ಕೇಳಿದೆ."

ಅವಳು ಮೇಜಿನ ಅಂಚು ಹಿಡಿದುಕೊಂಡಳು. ಹೇಳಬೇಕೆಂದುಕೊಂಡು ಬಂದ ಮಾತೇ ಬೇರೆ, ಬಾಯಿಂದ ಬಂದದ್ದೇ ಬೇರೆ.

"ನನ್ನ ಅಲೆ ಮನೆಯಿಂದ ಹೊರಗೆ ಹೋಗ್ತಿದೆಯೋ ಇಲ್ವೋ... ಅದನ್ನ ನೋಡಬೇಕು."

ಅವಳು ಕಿವಿ ಪರೀಕ್ಷೆಯ ಕೇಂದ್ರವೊಂದರಲ್ಲಿ ಪರೀಕ್ಷಕಿ. ವಯಸ್ಸು ಮೂವತ್ತನಾಲ್ಕು. ಅಕ್ಕನ ಮನೆಯ ಮಹಡಿಯ ಮೇಲಿನ ಒಂದು ಕೋಣೆ ಅವಳದು. ಎರಡು ವರ್ಷ ಓದಿ, ಪರೀಕ್ಷೆ ಬರೆದು, ಹವ್ಯಾಸಿ ರೇಡಿಯೋ ಪರವಾನಗಿ ಪಡೆದಿದ್ದಳು. ಪ್ರಸಾರ ಮಾಡುವ ಪುಟ್ಟ ಯಂತ್ರವನ್ನು ಸ್ವಂತ ಕೈಯಿಂದ ಕಟ್ಟಿದ್ದಳು. ದಿನವೂ ಬೆಳಕು ಹರಿಯುವ ಹೊತ್ತಿಗೆ ಕೀ ಒತ್ತಿ, ಉದ್ದ ಗಿಡ್ಡ ಸ್ವರಗಳ ಮೋರ್ಸ್ ಸಂಕೇತದಲ್ಲಿ, ‘ಯಾರಾದರೂ ಇದ್ದೀರಾ?’ ಎಂದು ಕೇಳುತ್ತಿದ್ದಳು.

"ಶುರುವಾಯ್ತಾ ನಿನ್ನ ಟಿಕ್ಕು ಟಿಕ್ಕು? ಮನೇಲಿ ಮೂರು ಜನ ಮಾತಾಡೋರಿದ್ದೀವಿ, ನೀನು ಆಕಾಶದ ಕದ ತಟ್ತೀಯಲ್ಲೇ!" ಎಂದು ಅಕ್ಕ ಕೆಳಗಿನಿಂದ ಕೂಗುತ್ತಿದ್ದಳು.

"ಗಂಡು ಯಾರಾದ್ರೂ ಸಿಕ್ಕಿದ್ನಾ ಕೇಳು," ಎಂದು ಭಾವ ಒಗ್ಗರಣೆ ಹಾಕುತ್ತಿದ್ದ.

ಅಕ್ಕ, ಭಾವ, ಅವರ ಮಗ, ಮೂರು ಜನ ಮಾತನಾಡುವವರೇನೋ ಇದ್ದರು. ಕೇಳಿಸಿಕೊಳ್ಳುವವರು ಯಾರಿದ್ದರು? ‘ಹೇಗಿದ್ದೀಯ’ ಎಂದು ಕೇಳಿ, ಅವಳು ಬಾಯಿ ತೆರೆಯುವಷ್ಟರಲ್ಲಿ ಟಿವಿಯ ಕಡೆ ತಿರುಗುವ ಜನ. ಒಂದೇ ಸೂರಿನ ಕೆಳಗಿನ ಈ ಬಗೆಯ ಒಂಟಿತನಕ್ಕೆ ಸಮಾಜ ‘ತುಂಬಿದ ಮನೆ’ ಎಂದು ಹೆಸರಿಟ್ಟು ಕೈತೊಳೆದುಕೊಂಡಿದೆ.

"ಲೈಸೆನ್ಸ್ ಇದೆಯಾ? ಯಾವ ಸ್ಟೇಷನ್ ನಿಮ್ಮದು?" ಅಂಗಡಿಯವನು ಕೇಳಿದ.

ಅವಳು ತನ್ನ ಕರೆಸಂಕೇತವನ್ನು, ಸರ್ಕಾರ ಕೊಟ್ಟ ಆ ಐದಾರು ಅಕ್ಷರಗಳನ್ನು, ಶಾಲೆಯ ಮಗು ಪದ್ಯ ಒಪ್ಪಿಸುವಂತೆ ಹೇಳಿದಳು.

ಅವನ ಕೈಯಲ್ಲಿದ್ದ ಬೆಸುಗೆ ಕಡ್ಡಿ ಗಾಳಿಯಲ್ಲೇ ನಿಂತಿತು. ಒಂದು ಗಳಿಗೆ ಅವಳನ್ನೇ ನೋಡಿದ. ಆಮೇಲೆ ಕಡ್ಡಿಯನ್ನು ಅದರ ಸ್ಟ್ಯಾಂಡಿನಲ್ಲಿಟ್ಟು ಎದ್ದ. ಕಪಾಟಿನಿಂದ ಒಂದೊಂದಾಗಿ ಮೂರು ಯಂತ್ರಗಳನ್ನು ತಂದು ಅವಳ ಮುಂದಿಟ್ಟ.

"ಇದು ಜೇಬಿನದು. ಅಗ್ಗ. ಆದ್ರೆ ಸೆಕೆಂಡಿಗೆ ಎರಡು ಲಕ್ಷ ಸಲ ಅಲುಗೋದನ್ನಷ್ಟೇ ಹಿಡಿಯುತ್ತೆ. ನಿಮ್ಮ ಅಲೆ ಎಪ್ಪತ್ತು ಲಕ್ಷ ಸಲ ಅಲುಗುತ್ತೆ, ಅಂದ್ರೆ ಏಳು ಮೆಗಾಹರ್ಟ್ಸ್. ಅದನ್ನ ಇದಕ್ಕೆ ಕೊಟ್ರೆ ಬಾಯಿಗೆ ಬಂದ ಚಿತ್ರ ಬರೆದು, ಇದೇ ಸತ್ಯ ಅನ್ನುತ್ತೆ."

"ನಮ್ಮ ಭಾವನ ತರಹ."

ಅವನು ನಕ್ಕೇಬಿಟ್ಟ. "ಇದು ಅಜ್ಜ. ಹಳೇ ಕಾಲದ ಗಾಜಿನ ಕೊಳವೆಯದು. ನಂಬಿಕಸ್ಥ. ಆದ್ರೆ ಎತ್ತೋಕೆ ಇಬ್ಬರು ಬೇಕು, ಕೆಟ್ಟರೆ ಬಿಡಿಭಾಗ ಸಿಗಲ್ಲ. ಇದು ಹೊಸದು, ಐವತ್ತು ಮೆಗಾಹರ್ಟ್ಸ್‌ದು, ಎರಡು ಚಾನೆಲ್. ನಿಮ್ಮ ಅಲೆಯ ಐದು ಪಟ್ಟು ನೋಡೋ ಶಕ್ತಿ ಇದ್ರೆ ಅದರ ಕೊಳಕೂ ಕಾಣುತ್ತೆ. ಏಳೈದಲಿ ಮೂವತ್ತೈದು. ಐವತ್ತು ಧಾರಾಳ. ನೂರರದ್ದು ಕೊಳ್ಳಿ ಅಂತ ಯಾರಾದ್ರೂ ಅಂದ್ರೆ ಅವರು ತಮ್ಮ ಅಂಗಡಿ ಬಾಡಿಗೆ ಯೋಚನೆ ಮಾಡ್ತಿದ್ದಾರೆ ಅಂತ ತಿಳ್ಕೊಳ್ಳಿ."

‘ಎಷ್ಟು ಚೆನ್ನಾಗಿ ಬಿಡಿಸಿ ಹೇಳುತ್ತಾನೆ...’ ಎಷ್ಟೋ ದಿನಗಳ ಮೇಲೆ ಒಬ್ಬ ಮನುಷ್ಯ ಅವಳ ಪ್ರಶ್ನೆಯನ್ನು ಪ್ರಶ್ನೆಯೆಂದು ಎಣಿಸಿದ್ದ. ಅವಳ ಎದೆಯೊಳಗೆ ಏನೋ ಸಣ್ಣಗೆ ಬೆಚ್ಚಗಾಯಿತು.

"ಎರಡು ಚಾನೆಲ್ ಯಾಕೆ?"

"ಒಂದೇ ಗೆರೆ ನೋಡಿದ್ರೆ ಏನಾಯ್ತು ಅಂತ ಗೊತ್ತಾಗುತ್ತೆ. ಎರಡು ಗೆರೆ ಒಟ್ಟಿಗೆ ನೋಡಿದ್ರೆ ಯಾರು ಮೊದಲು ಅಲುಗಾಡಿದ್ರು ಅಂತಾನೂ ಗೊತ್ತಾಗುತ್ತೆ." ಅವನು ತಡೆದ. "ಆದ್ರೆ ಇವತ್ತು ಏನೂ ತಗೋಬೇಡಿ. ನಿಮ್ಮ ಅಲೆ ಹೊರಗೆ ಹೋಗ್ತಾನೇ ಇದೆ. ಕೀ ಒತ್ತಿದ ಕೂಡಲೇ ಸ್ವರ ಜಾರುತ್ತೆ, ಅಷ್ಟೇ. ವೋಲ್ಟೇಜ್ ಕುಸೀತಿರಬೇಕು. ಮೊದಲು ಪವರ್ ಸಪ್ಲೈ ನೋಡಿ."

ತಲೆಯಾಡಿಸುತ್ತಿದ್ದ ಅವಳು ತಟ್ಟನೆ ನಿಲ್ಲಿಸಿದಳು.

"ಸ್ವರ ಜಾರುತ್ತೆ ಅಂತ ನಾನು ಹೇಳಲೇ ಇಲ್ಲ."

ಅವನು ಕನ್ನಡಕವನ್ನು ಹಣೆಯಿಂದ ಕೆಳಗಿಳಿಸಿದ.

"ಏಳು ಮೆಗಾಹರ್ಟ್ಸ್ ಅಂತಾನೂ ಹೇಳಲಿಲ್ಲ!"

"ನಿಮಗೆ... ಗೊತ್ತಿದೆ ಅಂದ್ಕೊಂಡಿದ್ದೆ," ಎಂದ ಅವನು. "ನಾನು ಕೇಳ್ತಿದ್ದೀನಿ ಅಂತ."

"ಎಷ್ಟು ದಿನದಿಂದ?"

"ಮೊದಲನೇ ದಿನದಿಂದ."

ಅಂಗಡಿಯ ನೆಲವೇ ಓರೆಯಾದಂತಾಯಿತು ಅವಳಿಗೆ. ನೂರ ಹತ್ತೊಂಬತ್ತು ಬೆಳಗು! ತಣ್ಣಗಿನ ಕೋಣೆಯಲ್ಲಿ ಹೆಡ್‌ಫೋನ್ ಹಾಕಿಕೊಂಡು, ಕೊರೆಯುವ ಮೌನವನ್ನೇ ದಿಟ್ಟಿಸಿ, ‘ನನ್ನ ಕೈಯೇ ಸರಿಯಿಲ್ಲ’ ಎಂದು ಹೇಳಿಕೊಂಡ ಬೆಳಗುಗಳು. ಆ ಮೌನದೊಳಗೆ ಇವನು ಕಾಲು ಚಾಚಿ ಕುಳಿತಿದ್ದ!

"ಕೇಳಿಸಿಯೂ ಉತ್ತರ ಕೊಡಲಿಲ್ವಾ?"

"ನನ್ನ ಲೈಸೆನ್ಸು..."

"ನಿಮ್ಮ ಲೈಸೆನ್ಸ್ ಯಾರಿಗೆ ಬೇಕು! ನಿಮಗೆ ನಾನು ಬೆಳಗಿನ ತಮಾಷೆಯಾಗಿದ್ದೆ. ಈಗ ಗಿರಾಕಿ. ಇಟ್ಕೊಳ್ಳಿ ನಿಮ್ಮ ಐವತ್ತು, ನೂರು, ಅಜ್ಜ, ಮೊಮ್ಮಗ ಎಲ್ಲಾನೂ!"

ಬಾಗಿಲು ದಡಾರನೆ ಬಡಿಯಿತು. ಗಾಜಿನ ಕಪಾಟಿನೊಳಗಿನ ಮೀಟರುಗಳ ಮುಳ್ಳುಗಳೆಲ್ಲ ಒಮ್ಮೆ ನಡುಗಿ ಸೊನ್ನೆಗೆ ಬಂದವು. ಅವನು ಬಾಗಿಲ ತನಕ ಹೋಗಿ ಹಿಂದಿರುಗಿದ.

ಹಟಕ್ಕೆ ಬಿದ್ದು ಅವಳು ಫೋನ್ ಕವರು ಮಾರುವ ಅಂಗಡಿಯೊಂದರಿಂದ ಅಂಥದೇ ಒಂದು ಜೇಬಿನ ಯಂತ್ರವನ್ನು ಕೊಂಡಳು. ಕೊಂಡು, ಮೂಲೆಗೆಸೆದಳು. ಮರುದಿನ ಬೆಳಗ್ಗೆ ಕೀ ಮುಟ್ಟಲಿಲ್ಲ. ಅದರ ಮರುದಿನವೂ ಇಲ್ಲ.

"ಏನೇ, ಆಕಾಶ ಬೀಗ ಹಾಕ್ಕೊಂಡು ಹೋಯ್ತಾ?" ಎಂದಳು ಅಕ್ಕ.

ಉತ್ತರಕ್ಕೆ ಕಾಯಲಿಲ್ಲ. ಮಿಕ್ಸಿ ಹಾಕಿದಳು.

ಆ ವಾರ ಕೇಂದ್ರಕ್ಕೆ ಬಂದ ಒಬ್ಬ ಮುದುಕಿಯನ್ನು ಅವಳು ಗಾಜಿನ ಕೋಣೆಯಲ್ಲಿ ಕೂರಿಸಿದಳು. "ಕುಂಯ್ ಅಂತ ಕೇಳಿಸಿದಾಗೆಲ್ಲ ಈ ಗುಂಡಿ ಒತ್ತಿ ಅಜ್ಜಿ." ಅಜ್ಜಿ ಸ್ವರವಿಲ್ಲದಾಗಲೂ ಒತ್ತುತ್ತಿದ್ದಳು! ಮೂರು ಸಲ ಪರೀಕ್ಷೆ ತಪ್ಪಿತು.

"ಯಾಕಜ್ಜಿ, ಕೇಳಿಸದೇ ಇದ್ರೂ ಒತ್ತುತ್ತೀರಲ್ಲ?"

"ಏನೋ ಮಗಳೇ... ಗಾಜಿನ ಆ ಕಡೆ ನೀನೊಬ್ಬಳೇ ಕೂತು ಕಾಯ್ತಿದ್ದೆ. ನಿನಗೆ ಬೇಜಾರಾಗಬಾರದು ಅಂತ."

ಅವಳು ಫೈಲು ಮುಚ್ಚಿ, ಶೌಚಾಲಯಕ್ಕೆ ಹೋಗಿ, ನಲ್ಲಿ ಬಿಟ್ಟುಕೊಂಡು ಅತ್ತಳು. ಕಿವಿ ಮಂದವಾದ ಜೀವಕ್ಕಿದ್ದ ಕರುಣೆ ಕಿವಿ ನೆಟ್ಟಗಿದ್ದವನಿಗೆ ಇಲ್ಲದೆ ಹೋಯಿತಲ್ಲ!

ಆದರೆ ಕೈಯಿಂದ ಯಂತ್ರ ಕಟ್ಟಿದವರಿಗೆ ಒಂದು ದೌರ್ಬಲ್ಯವಿದೆ: ದೋಷವೆಲ್ಲಿದೆ ಎಂದು ಯಾರಾದರೂ ಹೇಳಿದರೆ, ಹೇಳಿದವನು ವೈರಿಯಾದರೂ, ನೋಡದೆ ಇರಲಾಗುವುದಿಲ್ಲ. ಶುಕ್ರವಾರ ಸಂಜೆ ಅವಳು ಮೂಲೆಯಿಂದ ಆ ಜೇಬಿನ ಯಂತ್ರವನ್ನು ಎತ್ತಿಕೊಂಡಳು. ಅಲೆಯನ್ನು ಅದು ಹಿಡಿಯಲಾರದು; ಆದರೆ ವೋಲ್ಟೇಜ್ ಕುಸಿಯುವುದು ನಿಧಾನದ ಕೆಲಸ, ಅದಕ್ಕೆ ಈ ಆಟಿಕೆಯೇ ಸಾಕು. ಪವರ್ ಸಪ್ಲೈಗೆ ಸಿಕ್ಕಿಸಿ ಕೀ ಒತ್ತಿದಳು.

ನೆಟ್ಟಗಿದ್ದ ಗೆರೆ ಮೆಟ್ಟಿಲಿಳಿದಂತೆ ಕುಸಿಯಿತು. ಹನ್ನೆರಡು ವೋಲ್ಟಿನಿಂದ ಒಂಬತ್ತಕ್ಕೆ.

ಕೀ ಬಿಟ್ಟಳು. ಗೆರೆ ಏರಿತು. ಒತ್ತಿದಳು. ಕುಸಿಯಿತು.

ಅವನು ಹೇಳಿದ್ದು ನಿಜ! ಆ ನಿಜ ಅವಳ ಕೋಪವನ್ನು ಇಳಿಸಲಿಲ್ಲ, ಹೆಚ್ಚಿಸಿತು. ಇಷ್ಟು ಸಣ್ಣ ಮಾತನ್ನು ಮೊದಲನೆಯ ದಿನವೇ ಹೇಳಬಹುದಿತ್ತಲ್ಲ! ಸೊರಗಿದ ಕೆಪಾಸಿಟರನ್ನು ಬದಲಿಸಿದಳು. ಸ್ವರ ಹುಟ್ಟುವ ಭಾಗಕ್ಕೆ ಬೇರೆಯೇ ಸಪ್ಲೈ ಕೊಟ್ಟಳು. ಗೆರೆ ಈಗ ಅಲುಗಲಿಲ್ಲ. ಯಂತ್ರ ಸರಿಯಾಯಿತು. ಆದರೆ ಯಾರಿಗಾಗಿ ಕೀ ಒತ್ತುವುದು? ಕೇಳಿಸಿಕೊಂಡು ನಗುವವರಿಗಾಗಿಯೇ?

ಭಾನುವಾರ ಅವಳು ಹವ್ಯಾಸಿ ರೇಡಿಯೋ ಸಂಘಕ್ಕೆ ಹೋದಳು. ಸದಸ್ಯತ್ವ ಬಿಡುವ ಪತ್ರ ಕೈಯಲ್ಲಿತ್ತು.

ಸಂಘದ ಕಾರ್ಯದರ್ಶಿ, ನಿವೃತ್ತ ಮುದುಕ, ಪತ್ರ ಓದಿ ಕನ್ನಡಕ ತೆಗೆದ. "ಬಿಡೋದಾದ್ರೆ ಬಿಡಮ್ಮ. ಆದ್ರೆ ನಿನ್ನ ಗೂಡು ಖಾಲಿ ಮಾಡ್ಕೊಂಡು ಹೋಗು. ಬಾಗಿಲು ಹಾಕೋಕೆ ಆಗ್ತಿಲ್ಲ."

"ಯಾವ ಗೂಡು?"

"ಕಾರ್ಡಿನ ಗೂಡು!"

ರೇಡಿಯೋದಲ್ಲಿ ಮಾತನಾಡಿದ ಇಬ್ಬರು ಒಬ್ಬರಿಗೊಬ್ಬರು ಅಂಚೆಯಲ್ಲಿ ನೆನಪಿನ ಕಾರ್ಡು ಕಳಿಸುವುದು ಈ ಹವ್ಯಾಸಿಗಳ ಸಂಪ್ರದಾಯ. ಮನೆಯ ವಿಳಾಸ ಗುಟ್ಟಾಗಿಟ್ಟವರ ಕಾರ್ಡುಗಳು ಸಂಘಕ್ಕೆ ಬಂದು, ಗೋಡೆಯ ಕಪಾಟಿನಲ್ಲಿ ಅವರವರ ಗೂಡು ಸೇರುತ್ತವೆ. ಒಂಟಿ ಹೆಣ್ಣೆಂದು ಅವಳು ವಿಳಾಸವನ್ನು ಗುಟ್ಟಾಗಿಟ್ಟಿದ್ದಳು. ಗೂಡನ್ನು ಒಮ್ಮೆಯೂ ತೆರೆದಿರಲಿಲ್ಲ. ಒಬ್ಬರೊಡನೆಯೂ ಮಾತನಾಡದವಳಿಗೆ ಕಾರ್ಡು ಯಾರು ಹಾಕುತ್ತಾರೆ?

ಬಾಗಿಲು ಎಳೆದಳು. ಕಾರ್ಡುಗಳು ಕಾಲ ಮೇಲೆ ಸುರಿದವು.

ಹದಿನೇಳು. ವಾರಕ್ಕೊಂದರಂತೆ. ಎಲ್ಲವೂ ಒಂದೇ ಕೈಬರಹ.

"ಕೇಳುಗನ ವರದಿ. ನಿಮ್ಮ ಕರೆ ಸ್ಪಷ್ಟವಾಗಿ ತಲುಪುತ್ತಿದೆ. ಕೀ ಒತ್ತಿದಾಗ ಸ್ವರ ಜಾರುತ್ತದೆ. ಪವರ್ ಸಪ್ಲೈ ಪರೀಕ್ಷಿಸಿ. ನನ್ನ ಪರವಾನಗಿಯ ಅವಧಿ ಮುಗಿದಿದೆ. ಕೇಳಬಹುದು, ಉತ್ತರಿಸುವಂತಿಲ್ಲ. ನವೀಕರಣಕ್ಕೆ ಇಂದೇ ಅರ್ಜಿ ಹಾಕಿದ್ದೇನೆ. ಕ್ಷಮಿಸಿ."

ಅದು ಮೊದಲನೆಯದು. ಅವಳು ಕರೆದ ಮೊದಲ ವಾರದ್ದು.

ಆರನೆಯದು: "ಇಂದು ನಿಮ್ಮ ಕೈ ನಡುಗುತ್ತಿತ್ತು. ಜ್ವರವೇ? ಆದರೂ ಕರೆದಿರಿ. ದಯವಿಟ್ಟು ಔಷಧಿ ತೆಗೆದುಕೊಳ್ಳಿ."

ಹನ್ನೆರಡನೆಯದು: "ಅರ್ಜಿ ಇನ್ನೂ ಕಚೇರಿಯಲ್ಲೇ ಇದೆ. ನೀವು ಯಾರೋ ಗೊತ್ತಿಲ್ಲ. ಆದರೆ ನೀವು ಕರೆಯುವವರೆಗೆ ನಾನು ಅಂಗಡಿ ತೆರೆಯುವುದಿಲ್ಲ."

ಹದಿನೇಳನೆಯದರಲ್ಲಿ ಒಂದೇ ಸಾಲು: "ನಿಲ್ಲಿಸಬೇಡಿ."

ಅಕ್ಷರಗಳು ಕಲಸಿಹೋದವು. ಕಾರ್ಡುಗಳನ್ನು ಎದೆಗೊತ್ತಿಕೊಂಡು ಅವಳು ನೆಲದ ಮೇಲೆಯೇ ಕುಳಿತಳು.

"ಯಾಕೆ ಅಂಕಲ್... ಯಾಕೆ ಒಂದು ಮಾತು ಹೇಳಲಿಲ್ಲ? ನನ್ನ ಕರೆ ನಿಮಗೂ ಕೇಳಿಸ್ತಿತ್ತಾ?"

ಮುದುಕ ತಡವರಿಸಿದ. "ಕೇಳಿಸ್ತಿತ್ತಮ್ಮ. ಎಲ್ಲರಿಗೂ. ಸ್ವರ ಕೀಚ್ ಕೀಚ್ ಅಂತಿತ್ತಲ್ಲ, ಹುಡುಗರು ‘ಗುಬ್ಬಿ ಸ್ಟೇಷನ್’ ಅಂತ ನಗ್ತಿದ್ರು. ಯಾರಾದ್ರೂ ಹೇಳಿರ್ತಾರೆ ಅಂದ್ಕೊಂಡೆ."

ಯಾರಾದರೂ! ಆ ಸಂಘದಲ್ಲಿ ಇಪ್ಪತ್ತಾರು ಸದಸ್ಯರು. ಎಲ್ಲರಿಗೂ ಪರವಾನಗಿಯಿತ್ತು, ಯಂತ್ರವಿತ್ತು, ನಾಲಿಗೆಯಿತ್ತು. ಪ್ರತಿಯೊಬ್ಬರೂ ‘ಯಾರಾದರೂ’ ಎಂಬ ಇನ್ನೊಬ್ಬರನ್ನು ನಂಬಿ ಹಲ್ಲು ಕಿರಿದರು. ಉತ್ತರಿಸುವ ಹಕ್ಕೇ ಇಲ್ಲದ ಒಬ್ಬ ಮಾತ್ರ, ಕಾನೂನನ್ನೂ ಮುರಿಯದೆ, ಕರ್ತವ್ಯವನ್ನೂ ಬಿಡದೆ, ವಾರವಾರವೂ ಅಂಚೆಪೆಟ್ಟಿಗೆಯ ತನಕ ನಡೆದ. ಇದನ್ನು ಓದಿ ನಿಮಗೆ ಸಿಟ್ಟು ಬರದಿದ್ದರೆ, ಎಲ್ಲಿ ಬರಬೇಕು?

"ಪತ್ರ ಕೊಡಿ," ಎಂದು ಅವಳು ಕೈಚಾಚಿದಳು. "ನಾನು ಬಿಡಲ್ಲ. ಮುಂದಿನ ಸಭೆಯಲ್ಲಿ ಎಲ್ಲರ ಮುಂದೆ ಕೇಳ್ತೀನಿ, ಯಾರು ಯಾರು ನಕ್ಕರು ಅಂತ."

ಮುದುಕ ಪತ್ರವನ್ನು ಹಿಂದಿರುಗಿಸಿ ತಲೆ ತಗ್ಗಿಸಿದ. "ಮೊದಲು ನಾನೇ ಕೈ ಎತ್ತುತ್ತೀನಮ್ಮ."

ಸೋಮವಾರ ಬೆಳಗ್ಗೆ ಅವಳು ಮತ್ತೆ ಕೀ ಒತ್ತಿದಳು. ಸ್ವರ ಜಾರಲಿಲ್ಲ, ಎಳೆದ ತಂತಿಯಂತೆ ನೆಟ್ಟಗೆ ಹೋಯಿತು. ಎರಡನೆಯ ಕರೆಗೇ, ದೂರದ ಯಾವುದೋ ಊರಿನ ಅಪರಿಚಿತನೊಬ್ಬ ಉತ್ತರಿಸಿದ! ಹವಾಮಾನ ಹೇಳಿದ, ಸ್ವರ ಚೊಕ್ಕವಾಗಿದೆ ಎಂದ, ಬೀಳ್ಕೊಂಡ. ಎರಡೇ ನಿಮಿಷ.

ಜೀವನದ ಮೊದಲ ಉತ್ತರ! ಅವಳು ಹೆಡ್‌ಫೋನ್ ತೆಗೆದು ಕೋಣೆಯನ್ನು ಸುತ್ತ ನೋಡಿದಳು. ಮಂಚ, ಕಿಟಕಿ, ಒಣಗಲು ಹಾಕಿದ ಟವೆಲು. ಈ ಸಂತೋಷವನ್ನು ಯಾರಿಗೆ ಹೇಳಲಿ? ಕೆಳಗೆ ಹೇಳಿದರೆ ಭಾವ ಮದುವೆಯ ಮಾತೆತ್ತುತ್ತಾನೆ.

ಇದನ್ನು ಹೇಳಬೇಕಿದ್ದದ್ದು ಒಬ್ಬನಿಗೇ ಎಂಬುದು ಅವಳಿಗೆ ಆಗ ತಿಳಿಯಿತು. ಆ ಎರಡು ನಿಮಿಷವನ್ನು ಅವನು ಎಲ್ಲೋ ಕುಳಿತು ಕೇಳಿರುತ್ತಾನೆ, ಕೇಳಿಯೂ ಬಾಯಿ ಕಟ್ಟಿಸಿಕೊಂಡಿರುತ್ತಾನೆ ಎಂಬುದೂ ನೆನಪಾಯಿತು.

ಕೆಲಸ ಮುಗಿಸಿ ಅವಳು ಅಂಗಡಿಗೆ ಬಂದಾಗ ಅವನು ಒಂದು ಮೀಟರಿನ ಗಾಜು ಒರೆಸುತ್ತಿದ್ದ. ಅವಳನ್ನು ಕಂಡು ಎದ್ದು ನಿಂತ. ಅವಳು ಏನೂ ಹೇಳದೆ ಹದಿನೇಳು ಕಾರ್ಡುಗಳನ್ನು ಮೇಜಿನ ಮೇಲೆ ಸಾಲಾಗಿ ಜೋಡಿಸಿದಳು.

"ನಿನ್ನೆ ಸಿಕ್ಕವು."

"ನಿನ್ನೆಯಾ?" ಅವನ ಮುಖ ಬಿಳಿಚಿತು. "ಹಾಗಾದ್ರೆ ಇಷ್ಟು ದಿನ ನಿಮಗೆ... ಯಾರೂ ಇಲ್ಲ ಅಂತಾನೇ..."

"ಅಂತಾನೇ."

"ನಾನು ತಿಳಿದದ್ದೇ ಬೇರೆ. ಇವಳು ಕಾರ್ಡು ಓದ್ತಾಳೆ, ಆದ್ರೂ ಸಪ್ಲೈ ಸರಿ ಮಾಡಲ್ಲ, ಎಂಥ ಮೊಂಡು ಅಂತ."

"ಮೊಂಡು ಹೌದು. ಕಾರ್ಡು ಓದಿರಲಿಲ್ಲ, ಅಷ್ಟೇ." ಅವಳಿಗೆ ನಗುವೂ ಅಳುವೂ ಒಟ್ಟಿಗೆ ಬಂದವು. "ಆವತ್ತು ನೀವು ಹೇಳೋಕೆ ಬಂದ್ರಿ. ನಾನು ಬಾಯಿ ಮುಚ್ಚಿಸಿದೆ. ತಪ್ಪು ನನ್ನದು."

"ಬಿಡಿ. ಬಾಗಿಲು ಗಟ್ಟಿಯಿದೆ."

"ಲೈಸೆನ್ಸ್ ಮುಗಿಯೋಕೆ ಯಾಕೆ ಬಿಟ್ರಿ?"

ಅವನು ಗಾಜು ಒರೆಸುವ ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿದ. "ದಿನಾ ಬೆಳಗ್ಗೆ ಮಾತಾಡೋಕೆ ಒಬ್ಬ ಗೆಳೆಯ ಇದ್ದ. ಹನ್ನೊಂದು ವರ್ಷ. ಮುಖ ನೋಡಿರಲಿಲ್ಲ. ಅವನು ಹೋಗಿಬಿಟ್ಟ. ಆಮೇಲೆ ನವೀಕರಣದ ಕಾಗದ ಬಂತು. ಯಾರ ಜೊತೆ ಮಾತಾಡೋಕೆ ಅಂತ ಸುಮ್ನಾದೆ. ರಿಸೀವರ್ ಮಾತ್ರ ಅಭ್ಯಾಸಕ್ಕೆ ಹಾಕ್ತಿದ್ದೆ. ಒಂದಿನ ಸ್ವರ ಜಾರೋ ಕರೆಯೊಂದು ಬಂತು..."

ಅವಳು ಕಾದಳು. ಕಾಯುವುದರಲ್ಲಿ ಅವಳನ್ನು ಮೀರಿಸುವವರು ಯಾರು?

"ಬಂದ ಮೇಲೆ?"

"ಆ ಸಂಜೆಯೇ ಅರ್ಜಿ ಬರೆದೆ. ನಾಲ್ಕು ತಿಂಗಳಾಯ್ತು. ಇನ್ನೂ ಎಷ್ಟು ದಿನವೋ. ಇವತ್ತು ಬೆಳಗ್ಗೆ ಆ ದೂರದವನು ನಿಮಗೆ ಉತ್ತರ ಕೊಟ್ನಲ್ಲ... ಸಂತೋಷ ಆಯ್ತು. ಹೊಟ್ಟೇನೂ ಉರೀತು. ಆ ಉತ್ತರ ನಾನು ಕೊಡಬೇಕಿತ್ತು."

ಅವಳು ಕಾರ್ಡುಗಳನ್ನು ಪಕ್ಕಕ್ಕೆ ಸರಿಸಿ, ಬರಿದಾದ ಮೇಜಿನ ಹಲಗೆಯನ್ನು ಅವನ ಕಡೆಗೆ ತೋರಿಸಿದಳು.

"ಗಾಳಿಯಲ್ಲಿ ಮಾತಾಡೋಕೆ ತಾನೇ ಲೈಸೆನ್ಸ್? ಈ ಮೇಜಿಗೂ ಬೇಕಾ?"

ಅವನಿಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಅರ್ಥವಾದಾಗ ಕಿವಿಯ ತನಕ ಕೆಂಪಾದ. ತೋರುಬೆರಳನ್ನು ಹಲಗೆಯ ಮೇಲಿಟ್ಟ. ಗಿಡ್ಡ, ಗಿಡ್ಡ, ಗಿಡ್ಡ, ಉದ್ದ... ಅವಳ ಕರೆಸಂಕೇತ. ಆಮೇಲೆ ಅವನದು. ನಡುವೆ ಒಂದು ಅಕ್ಷರ ತಪ್ಪಿತು. ನಿಂತು, ಮೊದಲಿನಿಂದ ತಟ್ಟಿದ.

ಹೊರಗೆ ಬಸ್ಸೊಂದು ಹಾರ್ನ್ ಹೊಡೆಯಿತು. ಅವಳಿಗೆ ಕೇಳಿಸಲಿಲ್ಲ. ಅವಳ ಬೆರಳು ಅವನ ಬೆರಳಿನ ಪಕ್ಕದಲ್ಲೇ ಮೆಲ್ಲಗೆ ತಟ್ಟಿತು: ಸ್ಪಷ್ಟವಾಗಿ ಕೇಳಿಸುತ್ತಿದೆ. ಮುಂದುವರಿಸಿ.

"ಮುಂದೇನು ಹೇಳೋದು ಅಂತ ತೋಚ್ತಿಲ್ಲ," ಎಂದ ಅವನು ಬಾಯಲ್ಲೇ.

"ನಾಲ್ಕು ತಿಂಗಳು ಸಮಯ ಇತ್ತಲ್ಲ, ಯೋಚಿಸಲಿಲ್ವಾ?"

"ಯೋಚಿಸಿದ್ದೆ. ನೀವು ಹೀಗೆ ಎದುರಿಗೇ ನಿಂತರೆ ಎಲ್ಲಾ ಮರೆತುಹೋಗುತ್ತೆ ಅಂತ ಯೋಚಿಸಿರಲಿಲ್ಲ." ಅವನು ಉಸಿರೆಳೆದುಕೊಂಡ. "ನೀವು ಇರೋ ಕಡೆ ನಾನೂ ಇರಬೇಕು ಅನ್ನಿಸುತ್ತೆ. ಅಷ್ಟೇ ಗೊತ್ತು. ಮಿಕ್ಕಿದ್ದು ನಿಧಾನಕ್ಕೆ ಹೇಳಲಾ?"

"ಹೇಳಿ," ಎಂದಳು ಅವಳು, ಸ್ಟೂಲು ಎಳೆದುಕೊಂಡು ಕೂರುತ್ತ. "ನಾನು ಇಲ್ಲೇ ಇದ್ದೀನಿ."

ಓದುಗರೇ, ಇಲ್ಲಿ ನಿಲ್ಲಿಸಿ. ಓದಿಯೂ ಉತ್ತರಿಸದೆ ಬಿಟ್ಟ ಒಬ್ಬರ ಸಂದೇಶ ಈ ಕ್ಷಣ ನಿಮ್ಮ ಫೋನಿನಲ್ಲಿದೆ. ಬೇರೆ ಯಾರೋ ಉತ್ತರಿಸಿರುತ್ತಾರೆ ಎಂದುಕೊಳ್ಳಬೇಡಿ. ಮುಂದಿನ ಕಥೆಗೆ ಹೋಗುವ ಮೊದಲು ಅದನ್ನು ತೆರೆಯಿರಿ. ‘ಕೇಳಿಸಿತು’ ಎಂಬ ಒಂದೇ ಒಂದು ಮಾತನ್ನಾದರೂ ಬರೆದು ಕಳಿಸಿ.